ಪದಚರ್ಚೆ: ಮೋಟಾರಿಗೆ ಕಸುವು, ತಾಳಿಕೆ, ದಮ್ಮು

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಐಟಿಐ ಮಕ್ಕಳಿಗೆ ಮೋಟಾರಿನ ಪಾಠವನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. 'ರೇಟೆಡ್ ಪವರ್' ಎಂಬಲ್ಲಿ ಬಂದು ನಿಂತಿದ್ದೇನೆ. 'ನಿಗದಿತ ಸಾಮರ್ಥ್ಯ' ಎಂದರೆ ತಪ್ಪಲ್ಲ, ಆದರೆ ಎಷ್ಟು ಹೊತ್ತು ದುಡಿಯಲು ನಿಗದಿ ಎಂಬುದು ಅದರಲ್ಲಿ ಬರುವುದಿಲ್ಲ.

ಮೊನ್ನೆ ಬೈಕಂಪಾಡಿಯಲ್ಲಿ ಭಾವನ ವೈಂಡಿಂಗ್ ಅಂಗಡಿಗೆ ಹೋಗಿದ್ದೆ. ಮೇಜಿನ ಮೇಲೆ ಒಂದು ಎಚ್‌ಪಿಯ ಬೀಡುಕಬ್ಬಿಣದ ಮೋಟಾರು, ಹದಿನೈದು ಕಿಲೋ ಆಸುಪಾಸು ಭಾರ. ಪಕ್ಕದಲ್ಲಿ ನಾನು ಒಯ್ದಿದ್ದ 2212 ಡ್ರೋನ್ ಮೋಟಾರು, ಐವತ್ತು ಗ್ರಾಂ ಚಿಲ್ಲರೆ (2212 ಎಂದರೆ ಒಳಗಿನ ಸ್ಟೇಟರ್, ಅಂದರೆ ತಂತಿ ಸುತ್ತಿದ ತಿರುಗದ ಭಾಗ, 22 ಮಿ.ಮೀ. ಅಗಲ, 12 ಮಿ.ಮೀ. ಎತ್ತರ). ದೊಡ್ಡದರ ನೇಮ್‌ಪ್ಲೇಟಿನಲ್ಲಿ 'ಎಸ್1' ಎಂದಿತ್ತು. 746 ವ್ಯಾಟಿನ ಕೆಲಸವನ್ನು ಹಗಲು ರಾತ್ರಿ ಬಿಡದೆ ಮಾಡೀತು ಎಂದು ಅದರ ಅರ್ಥ. ಸಣ್ಣ ಮೋಟಾರುಗಳ ಮೇಲೆ ಬರೆಯುವ ಹೆಚ್ಚಿನ ವ್ಯಾಟು ಸಾಮಾನ್ಯವಾಗಿ ಕೆಲವೇ ಸೆಕೆಂಡಿನದ್ದು, ಅದೂ ಪ್ರೊಪೆಲ್ಲರಿನ ಗಾಳಿ ಮೈಮೇಲೆ ಬೀಸುತ್ತಿದ್ದರೆ. ಗಾಳಿ ಸಾಲದಿದ್ದರೆ ತಂತಿ ಕಾಯುತ್ತದೆ. ಇಂಥ ಮೋಟಾರಿನೊಳಗಿನ ಸಾಮಾನ್ಯ ದರ್ಜೆಯ ನಿಯೊಡಿಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ಸೆಳೆತ ಕಳೆದುಕೊಳ್ಳತೊಡಗುತ್ತದೆ. ದೊಡ್ಡದರ ಎಫ್ ದರ್ಜೆಯ ಇನ್ಸುಲೇಶನ್ (ತಂತಿಯ ಹೊದಿಕೆ) 155 ಡಿಗ್ರಿವರೆಗೆ ತಡೆಯುತ್ತದೆ. ಹಾರಬೇಕಾದದ್ದಕ್ಕೆ ಗ್ರಾಂ ಗ್ರಾಂ ಉಳಿಸಬೇಕು, ನೆಲದಲ್ಲಿ ಕೂರುವುದಕ್ಕೆ ಕಬ್ಬಿಣ ತಾಮ್ರ ಧಾರಾಳ ಹಾಕಬಹುದು.

ಭಾವ ಸಣ್ಣದನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ತಿರುಗಿಸಿ ನೋಡಿ, "ಇದಕ್ಕೆ ಕಸುವು ಉಂಟು ಮಾರಾಯ, ದಮ್ಮು ಇಲ್ಲ" ಎಂದರು. ನಾನು ಹುಡುಕುತ್ತಿದ್ದ ವ್ಯತ್ಯಾಸ ಅದೇ!

ಹಾಗಾಗಿ ಗಳಿಗೆಯ ಮಟ್ಟಿಗೆ ಕೊಡಬಲ್ಲ ಶಕ್ತಿಗೆ 'ಕಸುವು' ಎಂದು ಬರೆದಿದ್ದೇನೆ. ಬಿಡದೆ ಕೊಡಬಲ್ಲ ಶಕ್ತಿಗೆ 'ದಮ್ಮು' ಎನ್ನಲು ಮನಸ್ಸಿದೆ, ಆದರೆ ಅದು ಉಬ್ಬಸವೂ ಹೌದು, ಬೀಡಿಯ ದಮ್ಮೂ ಹೌದು. 'ತಾಳಿಕೆ' ಎನ್ನೋಣವೆಂದರೆ "ಈ ಬಟ್ಟೆ ತಾಳಿಕೆ ಬರುತ್ತದೆ" ಎನ್ನುವಾಗ ನಾವು ವರ್ಷಗಳ ಲೆಕ್ಕ ಹಿಡಿಯುತ್ತೇವೆ. ಬೇರಿಂಗ್ ಎಷ್ಟು ವರ್ಷ ಬರುತ್ತದೆ ಎಂಬುದಕ್ಕೆ 'ಬಾಳಿಕೆ'ಯನ್ನು ಮೀಸಲಿಟ್ಟು, ತಾಳಿಕೆಯನ್ನು ಬಿಡದ ದುಡಿಮೆಗೆ ಮಾತ್ರ ಕೊಟ್ಟರೆ ಓದುವವರ ಕಿವಿ ಒಪ್ಪೀತೇ? ಹುಬ್ಬಳ್ಳಿ, ಕಲಬುರಗಿ ಕಡೆಯ ವೈಂಡಿಂಗ್ ಅಂಗಡಿಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು, 'ಕೆವಿ'. ಡ್ರೋನ್ ಮೋಟಾರಿನ 1000 ಕೆವಿ ಎಂದರೆ ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು. ಮನೆ ಮುಂದೆ 11 ಕೆವಿ ಲೈನ್ ನೋಡಿ ಬೆಳೆದ ಮಕ್ಕಳು ಅದನ್ನು ಸಾವಿರ ಕಿಲೋವೋಲ್ಟ್ ಎಂದೇ ಓದುತ್ತಾರೆ. ಸದ್ಯಕ್ಕೆ 'ವೋಲ್ಟಿಗೆ ಸುತ್ತು' ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಸಿಕ್ಕೀತೇ?