ಐರ್ಲೆಂಡಿನ ಜೊಂಡಿನ ದೀಪವನ್ನು ಮಾಡುತ್ತಿದ್ದ ಬಗೆ

ಪ್ರಶ್ನೆ (ತುಮಕೂರು):
ಮಾನ್ಯರೇ, ನಮ್ಮ ಶಾಲೆಯ ವಸ್ತುಪ್ರದರ್ಶನದಲ್ಲಿ ಹೊಂಗೆ ಎಣ್ಣೆಯ ಹಣತೆಯ ಪಕ್ಕದಲ್ಲಿ ಐರ್ಲೆಂಡಿನ ಹಳ್ಳಿಗರ ಜೊಂಡಿನ ದೀಪವನ್ನೂ ಇಡಬೇಕೆಂದಿದ್ದೇವೆ. ಅದನ್ನು ಮನೆಯಲ್ಲೇ ಹೇಗೆ ತಯಾರಿಸುತ್ತಿದ್ದರೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಚಿಂತಾಮಣಿ):
ಬೇಸಿಗೆಯಲ್ಲಿ ಜೌಗು ನೆಲದ ಜೊಂಡನ್ನು ಕೊಯ್ದು, ನೀರಿನಲ್ಲಿ ನೆನೆಸಿ, ಒಳಗಿನ ಬಿಳಿಯ ಬೆಂಡು ಮುರಿಯದಂತೆ ಹಸಿರು ಸಿಪ್ಪೆಯನ್ನು ಸುಲಿಯುತ್ತಿದ್ದರು. ಆಧಾರಕ್ಕೆಂದು ಒಂದು ಸಣ್ಣ ಪಟ್ಟಿಯನ್ನು ಮಾತ್ರ ಉದ್ದಕ್ಕೂ ಉಳಿಸುತ್ತಿದ್ದರು. ಒಣಗಿದ ಮೇಲೆ ಅದನ್ನು ಕರಗಿದ ಕುರಿಕೊಬ್ಬಿನಲ್ಲಿ ಅದ್ದಿ ತೆಗೆದರೆ ದೀಪ ಸಿದ್ಧವಾಗುತ್ತಿತ್ತು. ಕೌಶಲವೆಲ್ಲ ಆ ಸುಲಿಯುವುದರಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ: ಪಟ್ಟಿ ಅಗಲವಾದರೆ ಬೆಂಡು ಕೊಬ್ಬನ್ನು ಸರಿಯಾಗಿ ಹೀರದು, ತೀರ ಕಿರಿದಾದರೆ ಕಡ್ಡಿ ಬಾಗಿ ಮುರಿಯುತ್ತದೆ.

ಉತ್ತರ (ಮಾಲೂರು):
ಹಿಡಿಕೆಯನ್ನು ಮರೆಯಬೇಡಿ. ಮರದ ದಿಮ್ಮಿಗೆ ನೆಟ್ಟ ಕಬ್ಬಿಣದ ಇಕ್ಕಳದಲ್ಲಿ ಕಡ್ಡಿಯನ್ನು ಓರೆಯಾಗಿ ಸಿಕ್ಕಿಸಿ, ಉರಿದಂತೆಲ್ಲ ಮುಂದಕ್ಕೆ ಸರಿಸುತ್ತಿದ್ದರು. ಅದೇ ಜೊಂಡಿನಿಂದ ಫೆಬ್ರವರಿ 1ರ ಸಂತ ಬ್ರಿಜಿಡ್ ಹಬ್ಬಕ್ಕೆ ಶಿಲುಬೆಯನ್ನು ಇಂದಿಗೂ ಹೆಣೆಯುತ್ತಾರೆ; ಅದೂ ಪ್ರದರ್ಶನದಲ್ಲಿದ್ದರೆ ಬಹಳ ಸಂತೋಷ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಮ್ಮ ಕೆರೆಯಂಚಿನ ಆಪು ಇದಕ್ಕೆ ಆಗುವುದೇ?

ಉತ್ತರ (ಚಿಂತಾಮಣಿ):
ಆಗದು. ಆಪಿನ ಎಲೆ ಚಪ್ಪಟೆ. ಇದಕ್ಕೆ ಒಳಗೆ ಬೆಂಡು ತುಂಬಿದ ದುಂಡನೆಯ ಕಡ್ಡಿಯೇ ಬೇಕು.