ಎರಡೂ ಕಡೆ ಥೈರಾಯ್ಡ್ ಕ್ಯಾನ್ಸರ್, ಪೂರ್ತಿ ತೆಗೆಸಲೇಬೇಕಾ?

ಪ್ರಶ್ನೆ:
ಅಕ್ಕನಿಗೆ 41 ವರ್ಷ. ಕತ್ತಿನ ಬಲಗಡೆ 18 ಮಿ.ಮೀ. ಗಂಟು ಇತ್ತು, ಸೂಜಿ ಹಾಕಿ ಟೆಸ್ಟ್ ಮಾಡಿದಾಗ ಪ್ಯಾಪಿಲ್ಲರಿ ಅನ್ನೋ ಬಗೆಯ ಥೈರಾಯ್ಡ್ ಕ್ಯಾನ್ಸರ್ ಅಂತ ಬಂತು. ಅರ್ಧ ಗ್ರಂಥಿ ತೆಗೆದರೆ ಸಾಕು ಅಂದಿದ್ದರು, ನಾವೂ ಧೈರ್ಯ ಮಾಡಿಕೊಂಡಿದ್ದೆವು. ಈಗ ಎಡಗಡೆಯ 7 ಮಿ.ಮೀ. ಗಂಟಿನಲ್ಲೂ ಅದೇ ಇದೆಯಂತೆ, ಪೂರ್ತಿ ತೆಗೆಯಬೇಕಂತೆ. ಅಷ್ಟು ಚಿಕ್ಕದನ್ನು ಬಿಟ್ಟು ನೋಡುತ್ತಾ ಇರಬಹುದಲ್ವಾ? ಎರಡೂ ಕಡೆ ಇದೆ ಅಂದರೆ ಕೊನೆಯ ಹಂತನಾ? ಅಕ್ಕ ಟೀಚರ್, ದನಿ ಹೋದರೆ ಏನು ಮಾಡೋದು ಅಂತ ರಾತ್ರಿಯೆಲ್ಲ ನಿದ್ದೆ ಮಾಡುತ್ತಿಲ್ಲ.

ಉತ್ತರ 1:
ಕೊನೆಯ ಹಂತ ಅಲ್ಲವೇ ಅಲ್ಲ, ಮೊದಲು ಅದನ್ನು ಅಕ್ಕನಿಗೆ ಹೇಳಿ. 55 ವರ್ಷದೊಳಗಿನವರಿಗೆ ಪ್ಯಾಪಿಲ್ಲರಿಯಲ್ಲಿ 1 ಮತ್ತು 2ನೇ ಹಂತ ಮಾತ್ರ ಇರೋದು. ಈ ಜಾತಿಯದು ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಕಾಣಿಸಿಕೊಳ್ಳೋದು ಸಾಮಾನ್ಯ. ನನಗೂ ಎರಡೂ ಕಡೆ ಇತ್ತು. 7 ಮಿ.ಮೀ. ಗಂಟು ಒಂದೇ ಇದ್ದಿದ್ದರೆ ಕಾದು ನೋಡೋಣ ಅನ್ನುತ್ತಿದ್ದರೇನೋ. ಆದರೆ ಬಲಗಡೆಗೆ ಹೇಗೂ ಆಪರೇಷನ್ ಆಗಲೇಬೇಕು, ಕ್ಯಾನ್ಸರ್ ಇದೆ ಅಂತ ಗೊತ್ತಿರೋ ಇನ್ನೊಂದು ಭಾಗವನ್ನು ಯಾಕೆ ಉಳಿಸಿಕೊಳ್ಳಬೇಕು? ಅರ್ಧ ಉಳಿದರೆ ಮುಂದೆ ರೇಡಿಯೋ ಅಯೋಡಿನ್ (ಉಳಿದ ಥೈರಾಯ್ಡ್ ಕಣಗಳನ್ನು ನಾಶ ಮಾಡುವ ವಿಕಿರಣದ ಔಷಧಿ) ಬೇಕಾದರೂ ಕೊಡೋದು ಕಷ್ಟ, ಕ್ಯಾನ್ಸರ್ ಮರಳಿದೆಯಾ ಅಂತ ನೋಡೋಕೆ ಮಾಡುವ ಥೈರೋಗ್ಲೋಬ್ಯುಲಿನ್ ಅನ್ನೋ ಪ್ರೋಟೀನಿನ ರಕ್ತ ಪರೀಕ್ಷೆಯಿಂದಲೂ ಸರಿಯಾಗಿ ಏನೂ ತಿಳಿಯಲ್ಲ, ಯಾಕಂದ್ರೆ ಉಳಿದ ಒಳ್ಳೆಯ ಗ್ರಂಥಿಯೂ ಅದನ್ನು ತಯಾರಿಸುತ್ತದೆ.

ಉತ್ತರ 2:
ದನಿಯ ವಿಷಯ ಹೇಳುತ್ತೇನೆ, ನಮ್ಮ ಅಮ್ಮನ ಆಪರೇಷನ್ ಟೈಮಲ್ಲಿ ಇದನ್ನೇ ಕೇಳಿ ಕೇಳಿ ತಿಳಿದುಕೊಂಡಿದ್ದು. ಗ್ರಂಥಿಯ ಹಿಂದೆ ಎಡಕ್ಕೊಂದು ಬಲಕ್ಕೊಂದು ದನಿಯ ನರ ಹೋಗುತ್ತದೆ. ಒಂದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ, ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗೇ ಸರಿಹೋಗುತ್ತದೆ. ಎರಡಕ್ಕೂ ಆದರೆ ಉಸಿರಾಟಕ್ಕೇ ತೊಂದರೆ. ಪೂರ್ತಿ ತೆಗೆಯುವಾಗ ಎರಡೂ ನರದ ಹತ್ತಿರ ಕೈ ಹಾಕಬೇಕಾಗುತ್ತೆ, ಅದಕ್ಕೇ ಇಷ್ಟು ಎಚ್ಚರಿಕೆ. ಸರ್ಜನ್ ಹತ್ತಿರ ನೇರವಾಗಿ ಕೇಳಿ: ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ, ಆಪರೇಷನ್ ನಡೆಯುವಾಗ ನರ ಕೆಲಸ ಮಾಡುತ್ತಿದೆಯಾ ಅಂತ ಸಿಗ್ನಲ್‌ನಿಂದ ತಿಳಿಸುವ ನರದ ಮಾನಿಟರ್ ಬಳಸುತ್ತೀರಾ, ದೊಡ್ಡ ಗಂಟಿನ ಕಡೆಯಿಂದ ಶುರು ಮಾಡಿ ಅಲ್ಲಿ ನರದ ಸಿಗ್ನಲ್ ನಿಂತುಹೋದರೆ ಇನ್ನೊಂದು ಕಡೆಯನ್ನು ಮುಂದಕ್ಕೆ ಹಾಕುತ್ತೀರಾ ಅಂತ. ನಿಧಾನಕ್ಕೆ ಬೆಳೆಯುವ ಕ್ಯಾನ್ಸರ್ ಆದ್ದರಿಂದ ಹಾಗೆ ಮುಂದಕ್ಕೆ ಹಾಕಲು ಸಾಧ್ಯ. ಆಪರೇಷನ್‌ಗೆ ಮೊದಲೇ ಗಂಟಲಿಗೆ ಸ್ಕೋಪ್ ಹಾಕಿ ದನಿಯ ತಂತುಗಳನ್ನು ನೋಡಿಸಿ. ಕತ್ತಿನ ಎರಡೂ ಬದಿಯ ಲಿಂಫ್ ಗಂಟುಗಳ ಸ್ಕ್ಯಾನ್ ಆಗಿದೆಯಾ ಅಂತಲೂ ಕೇಳಿ.

ಉತ್ತರ 3:
ಕ್ಯಾಲ್ಸಿಯಂ ಮರೀಬೇಡಿ. ಗ್ರಂಥಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ 4 ಪ್ಯಾರಾಥೈರಾಯ್ಡ್ ಇರುತ್ತವೆ, ರಕ್ತದ ಕ್ಯಾಲ್ಸಿಯಂ ಕಾಪಾಡುವ ಪುಟ್ಟ ಗ್ರಂಥಿಗಳು ಅವು. ಅರ್ಧ ತೆಗೆದರೆ ಇನ್ನೊಂದು ಕಡೆಯವು ಸುರಕ್ಷಿತ, ಪೂರ್ತಿ ತೆಗೆದರೆ ನಾಲ್ಕಕ್ಕೂ ಏಟು ಬೀಳಬಹುದು. ಆಮೇಲೆ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ ಅಂದರೆ ಅದು ಕ್ಯಾಲ್ಸಿಯಂ ಇಳಿದ ಲಕ್ಷಣ, ಸುಮ್ನೆ ಕೂರಬೇಡಿ, ತಕ್ಷಣ ಡಾಕ್ಟರಿಗೆ ಹೇಳಿ. ಪೂರ್ತಿ ತೆಗೆದ ಮೇಲೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ ಜೀವನಪೂರ್ತಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ 4 ಗಂಟೆ ಅಂತರ ಇರಲಿ.

ಪ್ರಶ್ನೆ ಕೇಳಿದವರು:
ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. ಕೊನೆಯ ಹಂತ ಅಲ್ಲ ಅಂದ ಕೂಡಲೇ ಅತ್ತುಬಿಟ್ಟಳು. ಸಿಗ್ನಲ್ ನಿಂತರೆ ಏನು ಮಾಡುತ್ತೀರಿ ಅನ್ನೋ ಪ್ರಶ್ನೆಯನ್ನು ತಾನೇ ಕೇಳುತ್ತಾಳಂತೆ, ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.