ಮಗಳು ಎಂಟನೇ ತರಗತಿ, ಮಗ ಎರಡನೇ ತರಗತಿ: ಬೆಂಗಳೂರು ಬಿಟ್ಟು ಕೊಯಮತ್ತೂರಿಗೆ ಹೋಗುವುದು ಯಾವಾಗ? (ಪ್ರಶ್ನೋತ್ತರ)

ಪ್ರಶ್ನೆ

ವಕೀಲರಾದ ಮೇಡಂ ಅವರಿಗೆ ನಮಸ್ಕಾರ. ನಾವು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಸ್ವಂತ ಫ್ಲ್ಯಾಟಿನಲ್ಲಿರುವ ಐದು ಜನರ ಕುಟುಂಬ. ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿಗೆ ಕೊಯಮತ್ತೂರಿನಲ್ಲಿಯೂ ಕಚೇರಿ ಇದ್ದು, ಇದೇ ಸಂಬಳದಲ್ಲಿ ಅಲ್ಲಿಗೆ ಕಳುಹಿಸಲು ಮೇಲಧಿಕಾರಿಗಳು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ನನ್ನ ಪತ್ನಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಮಗಳು ಸಿಬಿಎಸ್‌ಇ ಶಾಲೆಯಲ್ಲಿ 8ನೇ ತರಗತಿ, ಮಗ 2ನೇ ತರಗತಿ. ಇಬ್ಬರೂ ಒಂದನೇ ತರಗತಿಯಿಂದ ಬೆಂಗಳೂರಿನಲ್ಲಿಯೇ ಓದಿದ್ದಾರೆ. ತಾಯಿಗೆ 72 ವರ್ಷ, ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ನಾವು 2ಎ ಪ್ರವರ್ಗಕ್ಕೆ ಸೇರಿದವರು.

ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆಯುವುದು, 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗಾಗಿ ಪಟ್ಟ ಪಾಡು, ವರ್ಷ ವರ್ಷ ಏರುವ ಶಾಲಾ ಶುಲ್ಕ, ಇವೆಲ್ಲ ಸಾಕೆನಿಸಿದೆ. ಬರುವ ಜೂನ್‌ನಲ್ಲಿ ಫ್ಲ್ಯಾಟ್ ಮಾರಿ, ಅಲ್ಲಿ ಒಂದು ಮನೆ ಕೊಂಡು ನೆಲೆಸುವ ಯೋಚನೆ ಇದೆ. ಮಕ್ಕಳ ಓದು, ಮೀಸಲಾತಿ ಹಾಗೂ ಕಾಗದಪತ್ರಗಳ ವಿಷಯದಲ್ಲಿ ನಾವು ಏನನ್ನು ಗಮನಿಸಬೇಕು? ಮಗಳಿಗೆ ಎಂಜಿನಿಯರಿಂಗೋ ವೈದ್ಯಕೀಯವೋ ಇನ್ನೂ ತೀರ್ಮಾನವಾಗಿಲ್ಲ.

ಉತ್ತರ

ನಮಸ್ಕಾರ. ಹೋಗಬಾರದೆಂದು ನಾನು ಹೇಳುವುದಿಲ್ಲ. ಆದರೆ ನೀವು ಆರಿಸಿಕೊಂಡಿರುವ ಜೂನ್ ತಿಂಗಳು ನಿಮ್ಮ ಮಗಳ ಮಟ್ಟಿಗೆ ಇರುವುದರಲ್ಲೇ ಅತ್ಯಂತ ಅನನುಕೂಲದ ಸಮಯ. ಕಾರಣ ಹೀಗಿದೆ.

ನಮ್ಮ ರಾಜ್ಯದಲ್ಲಿ ವೃತ್ತಿ ಶಿಕ್ಷಣದ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಅದರ ಅರ್ಹತೆಯ ಮೊದಲ ಕಲಮಿನ ಪ್ರಕಾರ ವಿದ್ಯಾರ್ಥಿಯು ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು ಮತ್ತು ಹತ್ತನೇ ತರಗತಿ ಅಥವಾ ಹನ್ನೆರಡನೇ ತರಗತಿ, ಇವೆರಡರಲ್ಲಿ ಒಂದನ್ನಾದರೂ ಕರ್ನಾಟಕದಲ್ಲಿಯೇ ಪಾಸು ಮಾಡಿರಬೇಕು. ಬಹಳಷ್ಟು ಪಾಲಕರು ‘ಏಳು ವರ್ಷ’ ಎಂಬ ಮೊದಲ ಅರ್ಧವನ್ನಷ್ಟೇ ಕೇಳಿರುತ್ತಾರೆ. ನಿಮ್ಮ ಮಗಳಿಗೆ ಏಳು ವರ್ಷ ಆಗಲೇ ತುಂಬಿದೆ, ಆದರೆ ಎರಡನೆಯ ಷರತ್ತು ಇನ್ನೂ ಬಾಕಿ ಇದೆ. ಬರುವ ಜೂನ್‌ನಲ್ಲಿ ಹೊರಟರೆ ಆಕೆ 9ರಿಂದ 12ರವರೆಗೆ ತಮಿಳುನಾಡಿನಲ್ಲಿ ಓದುತ್ತಾಳೆ, ಎರಡು ಪರೀಕ್ಷೆಗಳೂ ಅಲ್ಲಿಯೇ ಮುಗಿಯುತ್ತವೆ, ಇಲ್ಲಿನ ಅರ್ಹತೆ ಕೈತಪ್ಪುತ್ತದೆ.

ಹಾಗಾದರೆ ತಮಿಳುನಾಡು ತನ್ನ ಸೀಟು ಕೊಡುತ್ತದೆಯೇ? ಮೂಲತಃ ಬೇರೆ ರಾಜ್ಯದವರಾದ ಮಕ್ಕಳು ಅಲ್ಲಿನ ಎಂಜಿನಿಯರಿಂಗ್ ಕೌನ್ಸೆಲಿಂಗಿಗೆ ಅರ್ಹರಾಗಬೇಕಾದರೆ 8ರಿಂದ 12ನೇ ತರಗತಿಯವರೆಗೆ ಅಲ್ಲಿಯೇ ಓದಿರಬೇಕು. ವೈದ್ಯಕೀಯಕ್ಕೆ 6ರಿಂದ 12. ಹಾಗೆ ಓದಿದ್ದರೂ ಅವರನ್ನು ಪರಿಗಣಿಸುವುದು ಸಾಮಾನ್ಯ ವರ್ಗದಲ್ಲಿ ಮಾತ್ರ. ನಿಮ್ಮ ಮಗಳು ಅಲ್ಲಿ ಕಾಲಿಡುವುದು 9ಕ್ಕೆ. ಅಂದರೆ ಇಲ್ಲಿನ ಬಾಗಿಲು ಮುಚ್ಚಿ, ಅಲ್ಲಿನದು ತೆರೆಯದೆ, ಆಕೆಗೆ ಅಖಿಲ ಭಾರತ ಕೋಟಾ, ಜೆಇಇ ಮತ್ತು ಖಾಸಗಿ ಸೀಟುಗಳಷ್ಟೇ ಉಳಿಯುತ್ತವೆ. ನಗರದ ಗಾಳಿ, ನೀರು, ರಸ್ತೆಗಳನ್ನು ಎಷ್ಟೇ ಹೋಲಿಸಿ ನೋಡಿದರೂ, ಒಂದು ಸರ್ಕಾರಿ ವೈದ್ಯಕೀಯ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಇರುವ ಶುಲ್ಕದ ಅಂತರ ನೀವು ಊರು ಬದಲಿಸಿ ಉಳಿಸುವ ಹಣವನ್ನೆಲ್ಲ ನುಂಗಿಬಿಡಬಲ್ಲದು.

ಈಗ ಇದೇ ಲೆಕ್ಕವನ್ನು ಎರಡು ವರ್ಷ ಮುಂದಕ್ಕೆ ಹಾಕಿ ನೋಡಿ. ಮಗಳು ಬೆಂಗಳೂರಿನಲ್ಲಿ ಹತ್ತನೇ ತರಗತಿ ಮುಗಿಸಿ 11ಕ್ಕೆ ಕೊಯಮತ್ತೂರಿಗೆ ಹೋದರೆ ಏಳು ವರ್ಷವೂ ಆಯಿತು, ಹತ್ತನೆಯದೂ ಇಲ್ಲಿ ಆಯಿತು. ಹನ್ನೆರಡನೆಯದನ್ನು ಅಲ್ಲಿ ಬರೆದರೂ ಇಲ್ಲಿನ ಸಿಇಟಿಗೆ, 2ಎ ಮೀಸಲಾತಿಯ ಸಹಿತ, ಆಕೆ ಅರ್ಹಳಾಗಿಯೇ ಇರುತ್ತಾಳೆ. ಮಗ ಆ ಹೊತ್ತಿಗೆ 5ನೇ ತರಗತಿಗೆ ಸೇರುತ್ತಾನೆ. ಅವನಿಗೆ ಬೇಕಾದದ್ದು 6ರಿಂದ 12 ಅಥವಾ 8ರಿಂದ 12 ಆದ್ದರಿಂದ, ಎರಡು ವರ್ಷ ಕಾಯುವುದರಿಂದ ಅವನ ಅರ್ಹತೆಗೆ ಕೊಂಚವೂ ಧಕ್ಕೆಯಿಲ್ಲ. ಒಂದೇ ಮನೆಯ ಇಬ್ಬರು ಮಕ್ಕಳ ಲೆಕ್ಕ ಹೀಗೆ ಕೂಡಿಬರುವುದು ಅಪರೂಪ, ನಿಮಗೆ ಕೂಡಿಬಂದಿದೆ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಸೇರಿಸುತ್ತೇನೆ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟುಗಳು ಆಯಾ ರಾಜ್ಯದವರಿಗೆ ಮೀಸಲು, ಮತ್ತು ಅಲ್ಲಿ ‘ಆಯಾ ರಾಜ್ಯ’ ಎಂಬುದನ್ನು ಹುಟ್ಟಿದ ಊರಿನಿಂದಲ್ಲ, ಹನ್ನೆರಡನೇ ತರಗತಿ ಪಾಸಾದ ರಾಜ್ಯದಿಂದ ನಿರ್ಧರಿಸುತ್ತಾರೆ. ಮಗಳು ಅಲ್ಲಿ ಹನ್ನೆರಡು ಮುಗಿಸಿದರೆ ಸುರತ್ಕಲ್‌ನ ಸ್ವರಾಜ್ಯ ಕೋಟಾ ತಪ್ಪಿ ತಿರುಚಿರಾಪಳ್ಳಿಯ ಕೋಟಾ ಸಿಗುತ್ತದೆ. ಅದನ್ನು ನಷ್ಟವೆಂದು ಯಾರೂ ಭಾವಿಸಬೇಕಿಲ್ಲ.

ಭಾಷೆಯ ವಿಷಯದಲ್ಲಿಯೂ ಎರಡು ವರ್ಷದ ವಿಳಂಬ ಮಗಳಿಗೆ ಅನುಕೂಲವೇ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಹತ್ತನೇ ತರಗತಿಯವರೆಗೆ ತಮಿಳನ್ನು ಕಡ್ಡಾಯ ಮಾಡಿದೆ. ಮುಂದೆ ಸಿಬಿಎಸ್‌ಇ ಶಾಲೆಗಳಿಗೂ ಅದನ್ನು ಒಂದನೇ ತರಗತಿಯಿಂದ ಹಂತಹಂತವಾಗಿ ವಿಸ್ತರಿಸಲಾಯಿತು. 9ಕ್ಕೆ ಸೇರುವ, ತಮಿಳು ಅಕ್ಷರ ಬಾರದ ಹುಡುಗಿಗೆ ಇದು ತಲೆನೋವು. 11ಕ್ಕೆ ಸೇರುವವಳಿಗೆ ಈ ಪ್ರಶ್ನೆಯೇ ಇಲ್ಲ. ಮಗನ ವಿಷಯ ಬೇರೆ. ಅವನು ತಮಿಳು ಕಲಿಯಲೇಬೇಕು, ಕಲಿಯುತ್ತಾನೆ ಕೂಡ. ಆದರೆ ಅಲ್ಲಿ 1968ರಿಂದಲೂ ದ್ವಿಭಾಷಾ ನೀತಿ ಇರುವುದರಿಂದ ಶಾಲೆಯಲ್ಲಿ ಕನ್ನಡ ಸಿಗುವ ಸಂಭವ ಕಡಿಮೆ, ಕನ್ನಡ ಓದುಬರಹವನ್ನು ಮನೆಯಲ್ಲಿಯೇ ಕಲಿಸಬೇಕಾಗುತ್ತದೆ. ಈಗಿನಿಂದ ಎರಡು ವರ್ಷ ಬೆಂಗಳೂರಿನಲ್ಲಿ ಅವನ ಕನ್ನಡ ಅಕ್ಷರಾಭ್ಯಾಸ ಗಟ್ಟಿಯಾಗಲಿ ಎಂಬುದು ನನ್ನ ಸ್ವಂತ ಅಭಿಪ್ರಾಯ. ಕಾನೂನಿಗೂ ಅದಕ್ಕೂ ಸಂಬಂಧವಿಲ್ಲ.

ಮೀಸಲಾತಿಯ ಬಗ್ಗೆ ಸ್ಪಷ್ಟವಾಗಿರಿ. 2ಎ ಎಂಬುದು ಕರ್ನಾಟಕದ ಪಟ್ಟಿ, ಅದು ಗಡಿ ದಾಟುವುದಿಲ್ಲ. ನಿಮ್ಮ ಜಾತಿಯ ಹೆಸರು ತಮಿಳುನಾಡಿನ ಪಟ್ಟಿಯಲ್ಲಿ ಇದ್ದರೂ ವಲಸೆ ಹೋದವರಿಗೆ ಅಲ್ಲಿನ ರಾಜ್ಯ ಮೀಸಲಾತಿ ದೊರೆಯುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಸಂದರ್ಭದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ಮತ್ತು ಮತ್ತೆ 2018ರಲ್ಲಿ ಹೇಳಿದ್ದೂ ಇದೇ ತತ್ತ್ವ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಕರ್ನಾಟಕದ ಹೆಸರಿನಡಿ ಇದ್ದು, ಕೆನೆಪದರಕ್ಕೆ ನೀವು ಸೇರದಿದ್ದರೆ, ಕೇಂದ್ರ ಸಂಸ್ಥೆಗಳಲ್ಲಿ ಆ ಸೌಲಭ್ಯ ಎಲ್ಲಿದ್ದರೂ ಮುಂದುವರಿಯುತ್ತದೆ.

ಹೊರಡುವ ಮುನ್ನ ಮಾಡಿಸಿಕೊಳ್ಳಬೇಕಾದ ಮುಖ್ಯ ಕಾಗದವೆಂದರೆ ಮಗಳು ಓದಿದ ಪ್ರತಿ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಸಹಿತ. ನಾಲ್ಕು ವರ್ಷ ಕಳೆದು, ಸಿಇಟಿ ಅರ್ಜಿಯ ಗಡಿಬಿಡಿಯಲ್ಲಿ, ಇನ್ನೊಂದು ರಾಜ್ಯದಿಂದ ಓಡಿಬಂದು ಇದನ್ನು ಮಾಡಿಸುವುದು ಎಷ್ಟು ಕಷ್ಟ ಎಂಬುದನ್ನು ಪ್ರತಿ ಬೇಸಿಗೆಯಲ್ಲಿ ನನ್ನ ಕಚೇರಿಗೆ ಬರುವ ಪಾಲಕರ ಮುಖದಲ್ಲಿ ಕಾಣುತ್ತೇನೆ. ಅರ್ಜಿ ಹಾಕುವ ವರ್ಷದ ಮಾಹಿತಿ ಪುಸ್ತಕದಲ್ಲಿ ಕಲಮುಗಳನ್ನು ಇನ್ನೊಮ್ಮೆ ಓದಿಕೊಳ್ಳಿ. ಅವು ವರ್ಷ ವರ್ಷ ಹೊಸದಾಗಿ ಪ್ರಕಟವಾಗುತ್ತವೆ.

ನಿಮ್ಮ ಪತ್ನಿಯವರ ನೋಂದಣಿ ಕರ್ನಾಟಕದ ನರ್ಸಿಂಗ್ ಪರಿಷತ್ತಿನದು. ತಮಿಳುನಾಡಿನಲ್ಲಿ ಕೆಲಸ ಮಾಡಲು ಅಲ್ಲಿನ ಪರಿಷತ್ತಿನ ನೋಂದಣಿ ಬೇಕು, ಅದಕ್ಕೆ ಇಲ್ಲಿಂದ ನಿರಾಕ್ಷೇಪಣಾ ಪತ್ರ ಹೋಗಬೇಕು. ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲೇ ಇದನ್ನು ಆರಂಭಿಸಲಿ. ನಿಮ್ಮ ಕಂಪನಿಯ ಒಪ್ಪಿಗೆಯೂ ಬಾಯಿಮಾತಿನಲ್ಲಿ ಉಳಿಯದೆ ಪತ್ರದಲ್ಲಿ ಬರಲಿ.

ಫ್ಲ್ಯಾಟನ್ನು ಈಗಲೇ ಮಾರಬೇಡಿ. ತಮಿಳುನಾಡಿನಲ್ಲಿ ಮನೆ ಕೊಂಡರೆ ಮುದ್ರಾಂಕ ಶುಲ್ಕ ಶೇ. 7 ಮತ್ತು ನೋಂದಣಿ ಶುಲ್ಕ ಶೇ. 2, ಒಟ್ಟು ಶೇ. 9ರಷ್ಟು ಹೋಗುತ್ತದೆ, ಊರು ಒಗ್ಗದೆ ಮರಳಿ ಬಂದರೆ ಆ ಹಣ ಮರಳುವುದಿಲ್ಲ. ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು, ಅಲ್ಲಿ ಒಂದು ಪೂರ್ಣ ವರ್ಷ ಬಾಡಿಗೆ ಮನೆಯಲ್ಲಿದ್ದು ನೋಡಿ, ಬೇಸಿಗೆಯೂ ಸೇರಿದಂತೆ. ಮುಂದೆ ಮಾರಿದಾಗ, ಫ್ಲ್ಯಾಟನ್ನು 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದರೆ, ದೀರ್ಘಾವಧಿ ಲಾಭದ ಮೇಲೆ ಶೇ. 12.5 ಅಥವಾ ಹಣದುಬ್ಬರ ಸೂಚ್ಯಂಕ ಕಳೆದು ಶೇ. 20, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಆ ಲಾಭಕ್ಕೆ ವಿನಾಯಿತಿಯೂ ಉಂಟು. ಆದ್ದರಿಂದ ಅವಸರಕ್ಕೆ ಕಾರಣವಿಲ್ಲ.

ಕೊಯಮತ್ತೂರಿನಲ್ಲಿರುವ ಸದಸ್ಯರೊಬ್ಬರ ಪ್ರತಿಕ್ರಿಯೆ

ಮೇಡಂ ಅವರ ಉತ್ತರಕ್ಕೆ ಇಲ್ಲಿ ವಾಸಿಸುವವನಾಗಿ ಎರಡು ಮಾತು ಸೇರಿಸುತ್ತೇನೆ. ನೀರಿನ ಬವಣೆಯಿಂದ ಪೂರ್ತಿ ಬಿಡುಗಡೆ ಸಿಗುತ್ತದೆಂದು ಭಾವಿಸಬೇಡಿ. ಸಿರುವಾಣಿ ನೀರಿನ ರುಚಿಯನ್ನು ಎಲ್ಲರೂ ಹೊಗಳುತ್ತಾರೆ, ನಿಜ. ಆದರೆ ಆ ಅಣೆಕಟ್ಟು ಇರುವುದು ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ, ಅದು ನಗರದ ಒಂದು ಭಾಗಕ್ಕಷ್ಟೇ ಸಾಲುತ್ತದೆ, ಉಳಿದ ಕಡೆಗೆ ಭವಾನಿ ನದಿಯ ಪಿಲ್ಲೂರಿನಿಂದ ಬರುತ್ತದೆ. ಎಷ್ಟೋ ಬಡಾವಣೆಗಳಿಗೆ ನಲ್ಲಿ ನೀರು ಕೆಲವು ದಿನಗಳಿಗೊಮ್ಮೆ ಬರುತ್ತದೆ. ಸರವಣಂಪಟ್ಟಿ ಕಡೆ ಐಟಿ ಕಚೇರಿಗೆ ಹತ್ತಿರವೆಂದು ಮನೆ ಹಿಡಿಯುವವರು ತೊಟ್ಟಿಯ ಗಾತ್ರವನ್ನೂ ಕೊಳವೆಬಾವಿಯನ್ನೂ ಕೇಳದೆ ಮುಂಗಡ ಕೊಡಬಾರದು.

ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ಕೊಯಮತ್ತೂರು ಸುಮಾರು 400 ಮೀಟರಿನಲ್ಲಿ. ಮಾರ್ಚ್, ಏಪ್ರಿಲ್ ಬಿಸಿಲು ನಿಮಗೆ ಕಷ್ಟವಾಗಬಹುದು. ಜೂನ್ ಬಂದರೆ ಪಾಲಕ್ಕಾಡ್ ಕಣಿವೆಯ ಗಾಳಿ ಬೀಸತೊಡಗಿ ಊರು ಹಗುರಾಗುತ್ತದೆ. ಸಂಚಾರದ ಮಟ್ಟಿಗೆ ಇದು ಬೆಂಗಳೂರಲ್ಲ ಎಂಬುದೇ ದೊಡ್ಡ ಸಮಾಧಾನ. 2025ರ ಅಕ್ಟೋಬರಿನಲ್ಲಿ ಅವಿನಾಶಿ ರಸ್ತೆಯ ಹತ್ತು ಕಿಲೋಮೀಟರಿನ ಜಿ.ಡಿ. ನಾಯ್ಡು ಮೇಲ್ಸೇತುವೆ ತೆರೆದ ಮೇಲೆ ವಿಮಾನ ನಿಲ್ದಾಣದ ಕಡೆಯ ಓಡಾಟ ಇನ್ನಷ್ಟು ಸುಲಭವಾಗಿದೆ. ಅಮ್ಮನವರ ಭಾಷೆಯ ಚಿಂತೆ ಅಷ್ಟಾಗಿ ಬೇಡ. ಇಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ಮತ್ತು ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಅವರ ಕನ್ನಡ ನಮ್ಮದಕ್ಕಿಂತ ಬೇರೆಯದು, ತಮಿಳು ಬೆರೆತದ್ದು, ಆದರೂ ಅಮ್ಮನವರ ವಯಸ್ಸಿನವರ ಜೊತೆ ಮಾತಿಗೆ ಕೊರತೆಯಾಗದು.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದಗಳು. ಎರಡು ವರ್ಷ ಕಾಯುವುದು ನನ್ನಿಂದ ಆಗದ ಮಾತು ಎನಿಸುತ್ತಿದೆ, ಏಕೆಂದರೆ ಕಂಪನಿಯ ಈ ಅವಕಾಶ ಅಷ್ಟು ದಿನ ಇರುತ್ತದೆಯೋ ಇಲ್ಲವೋ. ಈಗಲೇ ಹೋಗಿ, ಮಗಳನ್ನು ಪಿಯುಸಿಗೆ ಮಾತ್ರ ಮೈಸೂರಿನಲ್ಲಿರುವ ಅವಳ ಸೋದರತ್ತೆಯ ಮನೆಯಲ್ಲಿಟ್ಟು ಓದಿಸಿದರೆ ಹೇಗೆ? ಜೊತೆಗೆ ಕಾರಿನ ನೋಂದಣಿ ಮತ್ತು ತಾಯಿಯವರ ಸೌಲಭ್ಯಗಳ ಬಗ್ಗೆಯೂ ತಿಳಿಸಿ.

ಉತ್ತರ

ನೀವು ಹೇಳಿದ ದಾರಿ ಕಾನೂನಿನ ದೃಷ್ಟಿಯಿಂದ ಸರಿಯಾಗಿಯೇ ಇದೆ. ಎಂಟು ವರ್ಷದ ವ್ಯಾಸಂಗ ಆಗಿರುತ್ತದೆ, ಹನ್ನೆರಡನೆಯದು ಮೈಸೂರಿನಲ್ಲಿ ಪಾಸಾದರೆ ಷರತ್ತು ಪೂರ್ತಿಯಾಗುತ್ತದೆ. ಆದರೆ ಆ ಹುಡುಗಿ ಹದಿನಾಲ್ಕಕ್ಕೆ ಒಮ್ಮೆ ಗೆಳತಿಯರನ್ನು ಬಿಟ್ಟು, ಹೊಸ ಶಾಲೆಯಲ್ಲಿ ತಮಿಳಿನ ಜೊತೆ ಸೆಣಸಿ, ಹತ್ತನೇ ತರಗತಿಯ ಪರೀಕ್ಷೆ ಬರೆದು, ಹದಿನಾರಕ್ಕೆ ಮತ್ತೊಮ್ಮೆ ತಂದೆತಾಯಿಯನ್ನೇ ಬಿಟ್ಟು ಬರಬೇಕು. ಇಡೀ ಕುಟುಂಬದ ಜೀವನ ಹಸನಾಗಲೆಂದು ಊರು ಬದಲಿಸುವಾಗ ಅದರ ಬೆಲೆಯನ್ನೆಲ್ಲ ಒಬ್ಬಳೇ ತೆರುವುದು ನನಗೆ ಸರಿಕಾಣುವುದಿಲ್ಲ. ಅವಕಾಶ ಬಿಡಲಾಗದಿದ್ದರೆ ನೀವೊಬ್ಬರೇ ಮೊದಲು ಹೋಗಿ. ಕೊಯಮತ್ತೂರಿಗೆ 2023ರ ಡಿಸೆಂಬರಿನಿಂದ ಬೆಂಗಳೂರು ಕಂಟೋನ್ಮೆಂಟಿನಿಂದ ವಂದೇ ಭಾರತ್ ರೈಲಿದೆ, ಸುಮಾರು ಆರೂವರೆ ಗಂಟೆಯ ದಾರಿ. ವಾರದಲ್ಲಿ ಎರಡು ದಿನವಾದರೂ ಮನೆಯಿಂದ ಕೆಲಸ ಮಾಡಲು ಕಂಪನಿ ಒಪ್ಪುವುದಾದರೆ ಎರಡು ವರ್ಷ ಸಾಗಿಸಬಹುದು. ಜೊತೆಗೆ ಆ ಊರು ನಿಮಗೆ ಒಗ್ಗುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ಮಗಳನ್ನೂ ಒಂದು ಮಾತು ಕೇಳಿ. ನಿಮ್ಮ ಎರಡೂ ಪತ್ರಗಳಲ್ಲಿ ಆಕೆಯ ಅಭಿಪ್ರಾಯ ನನಗೆ ಕಾಣಲಿಲ್ಲ.

ತಾಯಿಯವರಿಗೆ 70 ದಾಟಿರುವುದರಿಂದ, ಆದಾಯ ಎಷ್ಟೇ ಇದ್ದರೂ, 2024ರ ಅಕ್ಟೋಬರಿನಲ್ಲಿ ಆರಂಭವಾದ ಆಯುಷ್ಮಾನ್ ವಯ ವಂದನಾ ಯೋಜನೆಯಡಿ ವರ್ಷಕ್ಕೆ ₹5 ಲಕ್ಷದವರೆಗಿನ ಚಿಕಿತ್ಸಾ ರಕ್ಷಣೆ ಇದೆ. ನೀವು ಆರಿಸುವ ಬಡಾವಣೆಗೆ ಹತ್ತಿರದ ಆಸ್ಪತ್ರೆ ಅದರ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಗೃಹಲಕ್ಷ್ಮಿ, ಗೃಹಜ್ಯೋತಿಗಳು ಕರ್ನಾಟಕದ ನಿವಾಸಿಗಳಿಗಾಗಿ ಇರುವಂಥವು, ಅವುಗಳನ್ನು ಬಿಟ್ಟುಕೊಡಬೇಕು. ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣಕ್ಕೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕಾದ್ದರಿಂದ, ಆಧಾರ್ ವಿಳಾಸ ಬದಲಾದ ಮೇಲೆ ತಾಯಿಯವರು ಬೆಂಗಳೂರಿಗೆ ಬಂದಾಗ ಟಿಕೆಟ್ ಕೊಳ್ಳಬೇಕಾಗುತ್ತದೆ. ಕೊಯಮತ್ತೂರಿನಲ್ಲಿ ಸಾಮಾನ್ಯ ದರದ ನಗರ ಬಸ್ಸುಗಳಲ್ಲಿ ಮಹಿಳೆಯರಿಗೆ 2021ರಿಂದ ಉಚಿತವಿದೆ, ಹಾಗಾಗಿ ಲೆಕ್ಕ ಸರಿಹೋಯಿತು ಎನ್ನಿ.

ಕಾರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಳ್ಳುವುದಾದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಅಲ್ಲಿನ ಹೊಸ ಸಂಖ್ಯೆ ಪಡೆಯಬೇಕು. ಇಲ್ಲಿನ ಆರ್‌ಟಿಒ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ತೆಗೆದುಕೊಂಡು ಹೋಗಿ ಅಲ್ಲಿ ತೆರಿಗೆ ಕಟ್ಟಿದ ಬಳಿಕ, ಇಲ್ಲಿ ಕಟ್ಟಿದ್ದ ಜೀವಿತಾವಧಿ ತೆರಿಗೆಯಲ್ಲಿ ವಾಹನದ ವಯಸ್ಸಿಗೆ ತಕ್ಕಂತೆ ಉಳಿದ ಭಾಗವನ್ನು ಮರಳಿ ಕೇಳಬಹುದು. ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇದ್ದರೆ, ರಾಜ್ಯ ಬದಲಿಸಿದಾಗ ಮರುನೋಂದಣಿ ಬೇಡದ ಬಿಎಚ್ (ಭಾರತ್) ಸರಣಿಯ ಸಂಖ್ಯೆಗೂ ಅರ್ಜಿ ಹಾಕಬಹುದು. 2022ರ ಡಿಸೆಂಬರಿನ ತಿದ್ದುಪಡಿಯ ನಂತರ ಹಳೆಯ ವಾಹನಗಳನ್ನೂ ಅದಕ್ಕೆ ಬದಲಿಸಿಕೊಳ್ಳಲು ಅವಕಾಶವಿದೆ. ಎರಡು ವರ್ಷ ನೀವೊಬ್ಬರೇ ಅಲ್ಲಿದ್ದು, ಕಾರು ಬೆಂಗಳೂರಿನ ಮನೆಯಲ್ಲಿಯೇ ಉಳಿಯುವುದಾದರೆ ಇದಾವುದೂ ಈಗ ಬೇಕಾಗಿಲ್ಲ.